ಬಣ್ಣದ ಹದ ಕಾಯುವ ಚಾಲಕ ಮಂಡಲ

ಡಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರವನ್ನು ಹಾದು ಹೊಸಕೋಟೆ ಸೇರುವ ಹೆದ್ದಾರಿಯಲ್ಲಿ, ದೇವನಹಳ್ಳಿಗೂ ಹೊಸಕೋಟೆಗೂ ನಡುವೆ ಇರುವ ಹೋಬಳಿ ಕೇಂದ್ರ ಸೂಲಿಬೆಲೆ. ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿಗಳನ್ನು ನೆಚ್ಚಿಕೊಂಡು ಬಂದ ಈ ಊರಿನ ಒಂದು ದಿಕ್ಕಿಗೆ, ದೇವನಹಳ್ಳಿಯ ಸೀಮೆಯಲ್ಲಿ, ಫಾಕ್ಸ್‌ಕಾನ್ ಕಂಪನಿಯ ಫೋನ್ ಕಾರ್ಖಾನೆ ತಲೆಯೆತ್ತಿದೆ. ಇನ್ನೊಂದು ದಿಕ್ಕಿಗೆ, ಹೊಸಕೋಟೆಯಿಂದ ಕೋಲಾರಕ್ಕೆ ಹೋಗುವ ದಾರಿಯ ನರಸಾಪುರದಲ್ಲಿ, ವಿಸ್ಟ್ರಾನ್ ಕಂಪನಿ ಆರಂಭಿಸಿ 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ವಹಿಸಿಕೊಂಡ ಕಾರ್ಖಾನೆಯಿದೆ. ಎರಡರಲ್ಲೂ ಜೋಡಣೆಯಾಗುವುದು ಐಫೋನ್. ಆ ಫೋನಿನ ಬಿಡಿಭಾಗಗಳಲ್ಲಿ ಬೆಲೆಯಿಂದಲೂ ಕುಶಲತೆಯಿಂದಲೂ ಮುಂದೆ ನಿಲ್ಲುವವುಗಳಲ್ಲಿ ಪರದೆ ಒಂದು. ಪರದೆಯ ಗುಣಗಳಲ್ಲಿ ಸಾಧಿಸಲು ತೀರ ಕಠಿಣವಾದದ್ದು, ಆದರೆ ಅಂಗಡಿಯಲ್ಲಿ ಯಾರೂ ವಿಚಾರಿಸದೆ ಇರುವುದು, ಬಣ್ಣದ ಏಕರೂಪತೆ.

ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ನೇಯ್ದ ರೇಷ್ಮೆ ಸೀರೆಯ ಚಿತ್ರವನ್ನು ಫೋನಿನಲ್ಲಿ ನೋಡಿ ತರಿಸಿಕೊಳ್ಳುವವರಿಗೆ, ಪರದೆಯ ಮೇಲೆ ನವಿಲುಕಂಠದ ಬಣ್ಣವಾಗಿ ಹೊಳೆದ ಸೆರಗು ಕೈಗೆ ಬಂದಾಗ ಬರೀ ಕಡುನೀಲಿಯಾಗಿ ಕಾಣುವುದುಂಟು. ಇದರ ಹೊಣೆಯಲ್ಲಿ ಕ್ಯಾಮೆರಾಕ್ಕೆ ಒಂದು ಪಾಲು, ಅಂಗಡಿಯ ದೀಪಕ್ಕೆ ಒಂದು ಪಾಲು, ಪರದೆಗೆ ಒಂದು ಪಾಲು. ಮೊದಲಿನ ಎರಡನ್ನು ಬಿಟ್ಟು ಪರದೆಯ ಪಾಲನ್ನಷ್ಟೇ ತೆಗೆದುಕೊಂಡರೆ ಅದರಲ್ಲಿ ಮೂರು ಪ್ರಶ್ನೆಗಳು ಅಡಗಿವೆ: ಒಂದೇ ಮಾದರಿಯ ಎರಡು ಪರದೆಗಳು ಒಂದೇ ಬಣ್ಣವನ್ನು ಒಂದೇ ರೀತಿ ತೋರಿಸುತ್ತವೆಯೇ, ಒಂದೇ ಪರದೆಯ ನಡುವಿನ ಬಿಳಿಯೂ ಮೂಲೆಯ ಬಿಳಿಯೂ ಒಂದೇ ಆಗಿವೆಯೇ, ಬೆಳಕನ್ನು ತಗ್ಗಿಸಿದಾಗಲೂ ಎರಡು ವರ್ಷ ಬಳಸಿದ ಮೇಲೂ ಆ ಬಣ್ಣ ಕದಲದೆ ನಿಲ್ಲುತ್ತದೆಯೇ? ಈ ಮೂರಕ್ಕೂ ಉತ್ತರ ಬಹುಮಟ್ಟಿಗೆ ಸಿಗುವುದು ಗಾಜಿನಲ್ಲಾಗಲಿ ಬಣ್ಣದ ಲೇಪದಲ್ಲಾಗಲಿ ಅಲ್ಲ, ಪರದೆಯ ಅಂಚಿನಲ್ಲಿ ಕಣ್ಣಿಗೆ ಬೀಳದಂತೆ ಅಂಟಿಸಿರುವ ಚಾಲಕ ಮಂಡಲಗಳಲ್ಲಿ, ಎಂದರೆ ಪ್ರತಿ ಬಿಂದುವಿಗೂ ಎಷ್ಟು ವಿದ್ಯುತ್ತು ಹೋಗಬೇಕೆಂದು ತೀರ್ಮಾನಿಸಿ ಕಳುಹಿಸುವ ಡ್ರೈವರ್ ಸರ್ಕ್ಯೂಟುಗಳಲ್ಲಿ.

ಕೆಲಸದ ಪ್ರಮಾಣವನ್ನು ಮೊದಲು ಗಮನಿಸಬೇಕು. ಸಾಮಾನ್ಯವಾದ ಫುಲ್ ಎಚ್‌ಡಿ ಪರದೆಯಲ್ಲಿ 1920 ನಿಲುಸಾಲು, 1080 ಅಡ್ಡಸಾಲು ಸೇರಿ 20,73,600 ಬಿಂದುಗಳಿರುತ್ತವೆ. ಪಿಕ್ಸೆಲ್ ಎಂದು ಕರೆಯುವ ಈ ಪ್ರತಿ ಬಿಂದುವಿನೊಳಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಬಿಂದುಗಳಿರುವುದರಿಂದ ಒಟ್ಟು 62 ಲಕ್ಷಕ್ಕೂ ಮಿಕ್ಕ ಉಪಬಿಂದುಗಳನ್ನು ಸೆಕೆಂಡಿಗೆ 60 ಬಾರಿ ಹೊಸದಾಗಿ ತಿದ್ದಬೇಕಾಗುತ್ತದೆ. ಪ್ರತಿ ಉಪಬಿಂದುವಿಗೂ ಬೆಳಕಿನ 256 ಮೆಟ್ಟಿಲುಗಳಿರುವುದರಿಂದ ಮೂರನ್ನೂ ಬೆರೆಸಿ 1,67,77,216 ಬಣ್ಣಗಳು ಸಾಧ್ಯ ಎಂಬ ಲೆಕ್ಕ ಹುಟ್ಟುತ್ತದೆ. ಜಾಹೀರಾತುಗಳು ಸಾರುವುದು ಇದನ್ನೇ. ಆದರೆ ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣಗಳಿದ್ದು ಪ್ರತಿಯೊಂದೂ ಮೂಲೆಯಿಂದ ಮೂಲೆಗೆ ತುಸು ಬೇರೆಯಾದರೆ ಆ ಎಣಿಕೆಗೆ ಏನೂ ಬೆಲೆಯಿಲ್ಲ.

ಮನುಷ್ಯನ ಕಣ್ಣಿನ ಸ್ವಭಾವವೂ ಇಲ್ಲಿ ಎಂಜಿನಿಯರನ ವಿರುದ್ಧವೇ ನಿಲ್ಲುತ್ತದೆ. ನಿನ್ನೆ ನೋಡಿದ ಬಣ್ಣವನ್ನು ಇಂದಿನದರ ಜೊತೆ ಹೋಲಿಸಲು ಕಣ್ಣು ಸಮರ್ಥವಲ್ಲವಾದರೂ, ಅಕ್ಕಪಕ್ಕದಲ್ಲಿ ಇಟ್ಟ ಎರಡು ಬಣ್ಣಗಳ ನಡುವಿನ ಅತಿ ಸಣ್ಣ ವ್ಯತ್ಯಾಸವನ್ನು, ಅದರಲ್ಲೂ ಗೆರೆಯಾಗಿ ಹರಿದ ವ್ಯತ್ಯಾಸವನ್ನು, ಅದು ತಟ್ಟನೆ ಹಿಡಿಯುತ್ತದೆ. ಡೇವಿಡ್ ಮ್ಯಾಕ್‌ಆಡಮ್ 1942ರಲ್ಲಿ ಪ್ರಕಟಿಸಿದ ಅಳತೆಗಳು, ಈ ಸೂಕ್ಷ್ಮತೆ ಎಲ್ಲ ಬಣ್ಣಗಳಿಗೂ ಸಮವಾಗಿಲ್ಲವೆಂದೂ ಬಣ್ಣದಿಂದ ಬಣ್ಣಕ್ಕೆ ಅದು ಹಿಗ್ಗುತ್ತ ಕುಗ್ಗುತ್ತ ಹೋಗುತ್ತದೆಂದೂ ತೋರಿಸಿಕೊಟ್ಟವು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರು ತಮ್ಮ ಕೊನೆಯ ವರ್ಷಗಳ ಹೆಚ್ಚಿನ ಭಾಗವನ್ನು ಬಣ್ಣದ ಗ್ರಹಿಕೆಯ ಅಧ್ಯಯನಕ್ಕೇ ಮೀಸಲಿಟ್ಟು 1968ರಲ್ಲಿ ಆ ಬಗ್ಗೆ ಒಂದು ಗ್ರಂಥವನ್ನು ಹೊರತಂದರು. ಅವರು ಕಟ್ಟಿದ ಸಂಸ್ಥೆಯಲ್ಲಿಯೇ ಮುಂದೆ ಪರದೆಗಳನ್ನು ನಡೆಸುವ ವಿಧಾನಗಳ ಮೇಲೆ ಮುಖ್ಯವಾದ ಕೆಲಸ ನಡೆಯಿತು. ಕನ್ನಡ ನಾಡಿನಲ್ಲಿ ಈ ಸಂಗತಿ ಅಷ್ಟಾಗಿ ತಿಳಿದಿಲ್ಲದ ಕಾರಣ ಅದನ್ನು ಸ್ವಲ್ಪ ವಿವರವಾಗಿ ಹೇಳುವುದು ಸರಿ.

ರಾಮನ್ ಸಂಶೋಧನಾ ಸಂಸ್ಥೆಗೆ 1971ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬಂದ ಶಿವರಾಮಕೃಷ್ಣ ಚಂದ್ರಶೇಖರ್ ಅವರು (ನೊಬೆಲ್ ಪಡೆದ ಖಭೌತವಿಜ್ಞಾನಿ ಚಂದ್ರಶೇಖರ್ ಬೇರೆ) ಅಲ್ಲಿ ದ್ರವಸ್ಫಟಿಕಗಳ ಪ್ರಯೋಗಾಲಯವನ್ನು ಕಟ್ಟಿದರು. ದ್ರವಸ್ಫಟಿಕವೆಂದರೆ ದ್ರವದಂತೆ ಹರಿಯುತ್ತಲೇ ಹರಳಿನಂತೆ ತನ್ನ ಅಣುಗಳನ್ನು ಒಂದು ದಿಕ್ಕಿಗೆ ಸಾಲುಗೂಡಿಸಿಕೊಂಡಿರುವ ಪದಾರ್ಥ. ವಿದ್ಯುತ್ ಒತ್ತಡ ಬಿದ್ದಾಗ ಆ ಅಣುಗಳು ಹೊರಳಿಕೊಳ್ಳುವುದರಿಂದ ಅವುಗಳ ಮೂಲಕ ಹಾಯುವ ಬೆಳಕನ್ನು ಹೆಚ್ಚು ಕಡಿಮೆ ಮಾಡಬಹುದು. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು 1977ರಲ್ಲಿ ತಟ್ಟೆಯಾಕಾರದ ಅಣುಗಳಿಂದಾದ ದ್ರವಸ್ಫಟಿಕವನ್ನು ಕಂಡುಹಿಡಿದದ್ದು ಜಗತ್ತಿನ ಗಮನ ಸೆಳೆಯಿತು. ನಿವೃತ್ತಿಯ ನಂತರ ಚಂದ್ರಶೇಖರ್ ಅವರು 1991ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೆರೆಯ ಜಾಲಹಳ್ಳಿಯಲ್ಲಿ ಸ್ಥಾಪಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವು ಈಗ ನ್ಯಾನೊ ಮತ್ತು ಮೃದು ಪದಾರ್ಥ ವಿಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿ ದಾಸನಪುರ ಹೋಬಳಿಯ ಶಿವನಪುರದಲ್ಲಿ ನಡೆಯುತ್ತಿದೆ. ಇದೆಲ್ಲ ಪದಾರ್ಥದ ಕಥೆ. ಪದಾರ್ಥವನ್ನು ನಡೆಸುವ ಮಂಡಲದ ಕಥೆಯಲ್ಲಿ ಬರುವ ಹೆಸರು ಅದೇ ಸಂಸ್ಥೆಯ ಟಿ. ಎನ್. ರುಕ್ಮಾಂಗದನ್ ಅವರದು.

ಆ ಕಾಲದ ಪರದೆಗಳಲ್ಲಿ ಪ್ರತಿ ಬಿಂದುವಿಗೂ ತನ್ನದೇ ಆದ ಸ್ವಿಚ್ ಇರಲಿಲ್ಲ. ಒಂದು ಗಾಜಿನ ಮೇಲೆ ಅಡ್ಡಗೆರೆಗಳಾಗಿಯೂ ಇನ್ನೊಂದರ ಮೇಲೆ ನಿಲುಗೆರೆಗಳಾಗಿಯೂ ಪಾರದರ್ಶಕ ವಾಹಕವನ್ನು ಎಳೆದು, ಗೆರೆಗಳು ಒಂದರ ಮೇಲೊಂದು ಹಾಯುವ ಜಾಗವನ್ನೇ ಬಿಂದುವೆಂದು ಭಾವಿಸಿ, ಅಡ್ಡಸಾಲುಗಳನ್ನು ಒಂದಾದ ಮೇಲೊಂದರಂತೆ ಆರಿಸುತ್ತ ಹೋಗುತ್ತಿದ್ದರು. ಹೀಗೆ ಮಾಡುವಾಗ ಬೆಳಗಬೇಕಾದ ಬಿಂದುವಿಗೆ ಮಾತ್ರವಲ್ಲದೆ ಬೆಳಗಬಾರದ ಬಿಂದುವಿಗೂ ಅಷ್ಟಿಷ್ಟು ವೋಲ್ಟೇಜ್ ತಪ್ಪದೆ ಸಿಗುತ್ತದೆ. ಈ ಎರಡರ ನಡುವಿನ ಅಂತರಕ್ಕೆ ಮೀರಲಾಗದ ಮಿತಿಯೊಂದಿದೆ ಎಂದು 1974ರಲ್ಲಿ ಆಲ್ಟ್ ಮತ್ತು ಪ್ಲೆಶ್ಕೊ ಎಂಬ ಇಬ್ಬರು ಗಣಿತದಿಂದ ತೋರಿಸಿದರು. ಅದರಂತೆ 100 ಸಾಲುಗಳ ಪರದೆಯಲ್ಲಿ ಬೆಳಗುವ ಬಿಂದುವಿನ ಸರಾಸರಿ ವೋಲ್ಟೇಜ್ ಬೆಳಗದ ಬಿಂದುವಿಗಿಂತ ಶೇ. 10.6ರಷ್ಟು ಮಾತ್ರ ಹೆಚ್ಚಿರಬಲ್ಲದು. 240 ಸಾಲುಗಳಾದರೆ ಶೇ. 6.7. ಇಷ್ಟು ಕಿರಿದಾದ ಅಂತರದಲ್ಲಿ ಎಲ್ಲೋ ಒಂದೆರಡು ಶೇಕಡ ಏರುಪೇರಾದರೂ ಪರದೆಯ ಮೇಲೆ ಕಲೆ ಬಿದ್ದಂತೆ ಕಾಣುತ್ತದೆ. ಏರುಪೇರಿಗೆ ಕಾರಣವೂ ಕೈಗೆಟುಕುವ ದೂರದಲ್ಲಿಯೇ ಇತ್ತು: ಚಿತ್ರದಲ್ಲಿ ಕಪ್ಪು ಬಿಳುಪು ಬೇಗ ಬೇಗ ಬದಲಾಗುವ ನಿಲುಸಾಲಿಗೆ ಹೋಗುವ ವೋಲ್ಟೇಜ್ ವೇಗವಾಗಿ ಏರಿಳಿಯಬೇಕಾಗುತ್ತದೆ, ಆದರೆ ಗೆರೆಯ ವಿದ್ಯುತ್ ನಿರೋಧವು ಆ ವೇಗದ ಏರಿಳಿತವನ್ನು ದಾರಿಯಲ್ಲೇ ಮೊಂಡಾಗಿಸುವುದರಿಂದ ಆ ಸಾಲಿನ ಬಿಂದುಗಳು ಪಕ್ಕದ ಸಾಲಿನವುಗಳಿಗಿಂತ ಮಂಕಾಗುತ್ತವೆ. ಒಂದು ಅಕ್ಷರದ ನೆರಳು ಅದರ ಮೇಲೆ ಕೆಳಗೆ ಚಾಚಿಕೊಂಡಂತೆ ಹಳೆಯ ಪರದೆಗಳಲ್ಲಿ ಕಾಣುತ್ತಿದ್ದುದು ಇದರಿಂದಲೇ.

ರುಕ್ಮಾಂಗದನ್ ಅವರು ಎನ್. ವಿ. ಮಧುಸೂದನ ಅವರ ಜೊತೆ 1980ರ ದಶಕದ ಆರಂಭದಿಂದಲೇ ಇದಕ್ಕೆ ಪರಿಹಾರ ಹುಡುಕಿದರು. ಸಾಲುಗಳನ್ನು ಒಂದೊಂದಾಗಿ ಆರಿಸುವ ಬದಲು ಕೆಲವನ್ನು ಒಟ್ಟಿಗೆ ಆರಿಸಬೇಕು. ಆ ಗುಂಪಿನ ಸಾಲುಗಳಿಗೆ ಧನ, ಋಣ ವೋಲ್ಟೇಜುಗಳ ಒಂದು ವಿನ್ಯಾಸವನ್ನು ಕೊಟ್ಟು, ಚಿತ್ರದಲ್ಲಿ ಆ ಸಾಲುಗಳ ಬಿಂದುಗಳು ಆ ವಿನ್ಯಾಸಕ್ಕೆ ಎಷ್ಟು ಕಡೆ ಹೊಂದುವುದಿಲ್ಲ ಎಂಬುದನ್ನು ಎಣಿಸಿ, ಆ ಎಣಿಕೆಯಂತೆ ನಿಲುಸಾಲಿನ ವೋಲ್ಟೇಜನ್ನು ನಿರ್ಧರಿಸಬೇಕು. ವಿನ್ಯಾಸಗಳನ್ನು ಬದಲಿಸುತ್ತ ಹೋದಂತೆ ಪ್ರತಿ ಬಿಂದುವಿಗೂ ಒಟ್ಟಿನಲ್ಲಿ ಸಲ್ಲಬೇಕಾದದ್ದೇ ಸಲ್ಲುತ್ತದೆ. 1988ರಲ್ಲಿ ಅಮೆರಿಕದ ಸಮ್ಮೇಳನವೊಂದರಲ್ಲಿ ಅವರು ಮಂಡಿಸಿದ ಸಾಮಾನ್ಯೀಕೃತ ವಿಧಾನದ ತಿರುಳು ಇದು. ಇದರಿಂದ ಚಾಲಕ ಮಂಡಲಕ್ಕೆ ಬೇಕಾದ ವೋಲ್ಟೇಜ್ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಚಿತ್ರ ಯಾವುದೇ ಇರಲಿ ಎಲ್ಲ ಬಿಂದುಗಳಿಗೂ ತಲುಪುವ ಏರಿಳಿತಗಳ ವೇಗ ಹೆಚ್ಚು ಕಡಿಮೆ ಒಂದೇ ಆಗುವಂತೆ ಮಾಡಿ ಬೆಳಕಿನ ಏಕರೂಪತೆಯನ್ನು ಹೆಚ್ಚಿಸುವುದು ಸಾಧ್ಯವಾಯಿತು. ಗಾಜನ್ನಾಗಲಿ ದ್ರವಸ್ಫಟಿಕವನ್ನಾಗಲಿ ಮುಟ್ಟದೆ, ಬರೀ ಚಾಲನೆಯ ಕ್ರಮವನ್ನು ಬದಲಿಸಿ ಪರದೆಯನ್ನು ಉತ್ತಮಪಡಿಸಬಹುದೆಂಬ ಈ ತಿಳಿವಳಿಕೆಯೇ ಇಡೀ ವಿಷಯದ ಬೆನ್ನೆಲುಬು. 1992ರಲ್ಲಿ ಅಮೆರಿಕದಲ್ಲಿ ಶೆಫರ್ ಮತ್ತು ಸಂಗಡಿಗರು ಎಲ್ಲ ಸಾಲುಗಳನ್ನೂ ಒಟ್ಟಿಗೆ ನಡೆಸುವ ವಿಧಾನವನ್ನು ಪ್ರಕಟಿಸಿದಾಗ ಈ ದಾರಿಗೆ ಇನ್ನಷ್ಟು ಪ್ರಚಾರ ಸಿಕ್ಕಿತು. ಬೆಂಗಳೂರಿನ ಕೆಲಸ ಅದಕ್ಕಿಂತ ಹಿಂದಿನದು ಎಂಬುದನ್ನು ಮರೆಯಬಾರದು.

ಮುಂದೆ ಪ್ರತಿ ಉಪಬಿಂದುವಿನ ಹಿಂದೆಯೂ ಗಾಜಿನ ಮೇಲೆಯೇ ಒಂದು ತೆಳುಪದರದ ಟ್ರಾನ್ಸಿಸ್ಟರನ್ನು ಸ್ವಿಚ್ಚಾಗಿ ಕೂರಿಸುವ ತಂತ್ರ ಬಂದು ಹಳೆಯ ಮಿತಿ ಅಳಿಯಿತಾದರೂ ಹೊಸ ತೊಡಕುಗಳು ಹುಟ್ಟಿಕೊಂಡವು. ಇಂದಿನ ಟಿವಿ, ಲ್ಯಾಪ್‌ಟಾಪುಗಳ ದ್ರವಸ್ಫಟಿಕ ಪರದೆಯಲ್ಲಿ ಎರಡು ಬಗೆಯ ಚಾಲಕಗಳಿರುತ್ತವೆ. ಅಡ್ಡಸಾಲಿನ ಸ್ವಿಚ್ಚುಗಳನ್ನೆಲ್ಲ ಒಮ್ಮೆಗೇ ತೆರೆದು ಮುಚ್ಚುವುದು ಗೇಟ್ ಡ್ರೈವರ್; ಸ್ವಿಚ್ ತೆರೆದಿರುವಷ್ಟು ಹೊತ್ತಿನಲ್ಲಿ ಪ್ರತಿ ನಿಲುಸಾಲಿಗೂ ಸರಿಯಾದ ವೋಲ್ಟೇಜನ್ನು ತುಂಬುವುದು ಸೋರ್ಸ್ ಡ್ರೈವರ್. 1080 ಸಾಲುಗಳನ್ನು ಸೆಕೆಂಡಿಗೆ 60 ಬಾರಿ ಮುಗಿಸಬೇಕಾದಾಗ ಒಂದು ಸಾಲಿಗೆ ಸಿಗುವ ಸಮಯ ಸುಮಾರು 15 ಮೈಕ್ರೊಸೆಕೆಂಡು. 2160 ಸಾಲುಗಳ 4ಕೆ ಪರದೆ ಸೆಕೆಂಡಿಗೆ 120 ಚಿತ್ರಗಳನ್ನು ತೋರಿಸಬೇಕಾದರೆ ನಾಲ್ಕು ಮೈಕ್ರೊಸೆಕೆಂಡಿಗೂ ಕಡಿಮೆ. ಕೆರೆಯ ತೂಬು ಎತ್ತಿದ ಸ್ವಲ್ಪ ಹೊತ್ತಿನಲ್ಲೇ ಇಳಿಸಿಬಿಟ್ಟರೆ ಕಾಲುವೆಯ ತುದಿಯ ಗದ್ದೆಗೆ ನೀರು ಸಾಲದೆ ಹೋಗುವ ಹಾಗೆಯೇ ಇಲ್ಲಿ ಚಾಲಕದಿಂದ ದೂರವಿರುವ ಬಿಂದುಗಳು ಪೂರ್ತಿ ತುಂಬಿಕೊಳ್ಳುವ ಮೊದಲೇ ಸ್ವಿಚ್ ಮುಚ್ಚಿಬಿಡುತ್ತದೆ. ದೊಡ್ಡ ಟಿವಿಗಳಲ್ಲಿ ಗೇಟ್ ಡ್ರೈವರುಗಳನ್ನು ಎಡಬಲ ಎರಡೂ ಅಂಚಿನಲ್ಲಿ ಇಡುವುದು, ದೂರದ ಸಾಲುಗಳಿಗೆ ಮೊದಲ ಗಳಿಗೆಯಲ್ಲಿ ಬೇಕಾದುದಕ್ಕಿಂತ ತುಸು ಹೆಚ್ಚು ವೋಲ್ಟೇಜ್ ಕೊಟ್ಟು ತುಂಬಿಕೆಯನ್ನು ಚುರುಕುಗೊಳಿಸುವುದು ಈ ಕೊರತೆಯನ್ನು ನೀಗಿಸಲು.

ಸೋರ್ಸ್ ಡ್ರೈವರ್ ಚಿಪ್ಪಿನ ಒಳಗನ್ನು ಹತ್ತಿರದಿಂದ ನೋಡಿದರೆ ಬಣ್ಣದ ಹದ ಎಷ್ಟು ಸಣ್ಣ ಅಳತೆಗಳ ಮೇಲೆ ನಿಂತಿದೆ ಎಂಬುದು ಗೊತ್ತಾಗುತ್ತದೆ. 960 ಹೊರದಾರಿಗಳ ಒಂದು ಚಿಪ್ಪನ್ನು ಬಳಸಿದರೆ ಫುಲ್ ಎಚ್‌ಡಿ ಪರದೆಯ ಉಪಬಿಂದುಗಳ 5,760 ನಿಲುಸಾಲುಗಳಿಗೆ (1920ರ ಮೂರು ಪಟ್ಟು) ಆರು ಚಿಪ್ಪುಗಳು ಬೇಕು. ಪ್ರತಿ ಹೊರದಾರಿಯಲ್ಲೂ ಅಂಕಿಯನ್ನು ವೋಲ್ಟೇಜಾಗಿ ಮಾರ್ಪಡಿಸುವ ಒಂದು ಪರಿವರ್ತಕವೂ ಆ ವೋಲ್ಟೇಜನ್ನು ಸಾಲಿಗೆ ದೂಡುವ ಒಂದು ಆಂಪ್ಲಿಫೈಯರೂ ಇರುತ್ತವೆ. ಸುಮಾರು ಐದು ವೋಲ್ಟಿನ ವ್ಯಾಪ್ತಿಯನ್ನು 256 ಮೆಟ್ಟಿಲುಗಳಿಗೆ ಹಂಚಿದರೆ ಒಂದು ಮೆಟ್ಟಿಲಿಗೆ 20 ಮಿಲಿವೋಲ್ಟಿಗಿಂತ ಕಡಿಮೆ ಸಿಗುತ್ತದೆ. ದ್ರವಸ್ಫಟಿಕವು ವೋಲ್ಟೇಜಿಗೆ ಅತಿ ಚುರುಕಾಗಿ ಸ್ಪಂದಿಸುವ ನಡುಭಾಗದಲ್ಲಿ, ಎಂದರೆ ಬೂದುಬಣ್ಣಗಳಲ್ಲಿ, ಇನ್ನೂ ಕಡಿಮೆ. ಆಂಪ್ಲಿಫೈಯರನ್ನು ಕಟ್ಟಿರುವ ಜೋಡಿ ಟ್ರಾನ್ಸಿಸ್ಟರುಗಳು ಒಂದನ್ನೊಂದು ಕರಾರುವಾಕ್ಕಾಗಿ ಹೋಲುವುದು ಅಸಾಧ್ಯವಾದ ಕಾರಣ ಪ್ರತಿ ಆಂಪ್ಲಿಫೈಯರಿಗೂ ಕೆಲವು ಮಿಲಿವೋಲ್ಟಿನ ಹುಟ್ಟುದೋಷವಿರುತ್ತದೆ, ಅದು ತಿದ್ದದೆ ಉಳಿದರೆ ಪರದೆಯ ಮೇಲೆ ನೆಟ್ಟಗೆ ಇಳಿದ ತೆಳು ಪಟ್ಟೆಯಾಗಿ ಕಾಣುತ್ತದೆ. ಇದಕ್ಕೆ ವಿನ್ಯಾಸಕಾರರು ಕಂಡುಕೊಂಡ ಉಪಾಯ ಜಾಣತನದ್ದು: ಆಂಪ್ಲಿಫೈಯರಿನ ಎರಡು ಒಳದಾರಿಗಳನ್ನು ಚಿತ್ರದಿಂದ ಚಿತ್ರಕ್ಕೆ ಅದಲುಬದಲು ಮಾಡುತ್ತ ಹೋದರೆ ಒಂದು ಚಿತ್ರದಲ್ಲಿ ಐದು ಮಿಲಿವೋಲ್ಟ್ ಹೆಚ್ಚಾದದ್ದು ಮುಂದಿನದರಲ್ಲಿ ಅಷ್ಟೇ ಕಡಿಮೆಯಾಗಿ, ಕಣ್ಣು ಎರಡರ ಸರಾಸರಿಯನ್ನು ಮಾತ್ರ ಕಾಣುತ್ತದೆ. ದೋಷ ಹೋಗಲಿಲ್ಲ, ಕಣ್ಣಿನಿಂದ ಮರೆಯಾಯಿತು, ಅಷ್ಟೆ. ಆರು ಚಿಪ್ಪುಗಳೂ ಪರಸ್ಪರ ಹೊಂದಿಕೊಳ್ಳದಿದ್ದರೆ ಪರದೆ ಆರು ಹೊಲಿದ ತುಂಡುಗಳಂತೆ ಕಾಣುವುದರಿಂದ, ಎಲ್ಲಕ್ಕೂ ಒಂದೇ ಮೂಲದಿಂದ ಆಧಾರ ವೋಲ್ಟೇಜುಗಳನ್ನು ಹಂಚುವುದೂ ಅಗತ್ಯ.

ಈ ಆಧಾರ ವೋಲ್ಟೇಜುಗಳಿಗೆ ಗಾಮಾ ವೋಲ್ಟೇಜುಗಳೆಂದು ಹೆಸರು. ಕಣ್ಣು ಮಂದ ಬೆಳಕಿನ ವ್ಯತ್ಯಾಸಗಳನ್ನು ಹೆಚ್ಚು ಚೆನ್ನಾಗಿ ಗುರುತಿಸುವುದರಿಂದ 256 ಮೆಟ್ಟಿಲುಗಳನ್ನು ಸಮ ಎತ್ತರಕ್ಕೆ ಕಟ್ಟದೆ, ಕತ್ತಲ ಕಡೆಗೆ ಗಿಡ್ಡವಾಗಿಯೂ ಬೆಳಕಿನ ಕಡೆಗೆ ಎತ್ತರವಾಗಿಯೂ ಕಟ್ಟುವ ವಕ್ರರೇಖೆಯೇ ಗಾಮಾ. ಅದರ ರೂಢಿಯ ಮೌಲ್ಯ 2.2. ಹಳೆಯ ಪರದೆಗಳಲ್ಲಿ ಮೂರೂ ಬಣ್ಣಗಳಿಗೆ ಒಂದೇ ರೇಖೆಯಿರುತ್ತಿತ್ತು. ಆದರೆ ದ್ರವಸ್ಫಟಿಕ ನೀಲಿ ಬೆಳಕನ್ನು ನಡೆಸಿಕೊಳ್ಳುವ ರೀತಿ ಕೆಂಪಿಗಿಂತ ಬೇರೆ. ಹೀಗಾಗಿ ಪೂರ್ಣ ಬಿಳಿ ಸರಿಯಾಗಿಯೇ ಇದ್ದರೂ ಬೂದುಬಣ್ಣಕ್ಕೆ ಇಳಿದಂತೆ ನೀಲಿ ಛಾಯೆ ನುಸುಳುತ್ತಿತ್ತು. ಕೆಂಪು, ಹಸಿರು, ನೀಲಿಗಳಿಗೆ ಬೇರೆ ಬೇರೆ ಗಾಮಾ ರೇಖೆಗಳನ್ನು ಕೊಟ್ಟು, ಕಡುಬೂದಿಯಿಂದ ಬಿಳಿಯವರೆಗೆ ಎಲ್ಲ ಮೆಟ್ಟಿಲುಗಳಲ್ಲೂ ಹಗಲ ಬೆಳಕಿಗೆ ಹತ್ತಿರವಾದ 6500 ಕೆಲ್ವಿನ್ ವರ್ಣತಾಪವೇ ಉಳಿಯುವಂತೆ ಕಾರ್ಖಾನೆಯಲ್ಲಿ ಅಳೆದು, ಆ ಅಂಕಿಗಳನ್ನು ಪರದೆಯ ನೆನಪಿನ ಚಿಪ್ಪಿನಲ್ಲಿ ಬರೆದಿಡುವುದು ಈಗಿನ ಒಳ್ಳೆಯ ಪರದೆಗಳ ಪದ್ಧತಿ. ಸೀರೆಯ ಮಡಿಕೆಗಳ ನೆರಳಿನಲ್ಲಿ ಬಣ್ಣ ತಪ್ಪುವುದೂ ಉಳಿಯುವುದೂ ನಿರ್ಧಾರವಾಗುವುದು ಇಲ್ಲಿಯೇ.

ಒಎಲ್‌ಇಡಿ ಪರದೆಗಳಲ್ಲಿ, ಎಂದರೆ ಪ್ರತಿ ಉಪಬಿಂದುವೂ ತಾನೇ ಬೆಳಕು ಸೂಸುವ ಸಾವಯವ ಪದಾರ್ಥದಿಂದಾದ ಪರದೆಗಳಲ್ಲಿ, ಸಮಸ್ಯೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಅಲ್ಲಿ ಬೆಳಕನ್ನು ನಿರ್ಧರಿಸುವುದು ವೋಲ್ಟೇಜಲ್ಲ, ಹರಿಯುವ ವಿದ್ಯುತ್ ಪ್ರವಾಹ; ಆ ಪ್ರವಾಹವನ್ನು ಅಳೆದು ಬಿಡುವುದು ಉಪಬಿಂದುವಿನ ಹಿಂದಿರುವ ಟ್ರಾನ್ಸಿಸ್ಟರ್. ಒಂದು ನಿರ್ದಿಷ್ಟ ವೋಲ್ಟೇಜ್ ದಾಟಿದ ಮೇಲಷ್ಟೇ ಟ್ರಾನ್ಸಿಸ್ಟರ್ ತೆರೆಯುತ್ತದೆ, ಅದಕ್ಕೆ ಹೊಸ್ತಿಲು ವೋಲ್ಟೇಜ್ ಎನ್ನಬಹುದು. ಹೊಸ್ತಿಲನ್ನು ಮೀರಿದ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಪ್ರವಾಹ ಹರಿಯುತ್ತದೆ. ಫೋನಿನ ಪರದೆಯ ಸಿಲಿಕಾನ್ ಪದರವನ್ನು ಲೇಸರಿನಿಂದ ಕರಗಿಸಿ ಹರಳುಗಟ್ಟಿಸುವಾಗ ಹರಳುಗಳ ಗಾತ್ರ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಹೊಸ್ತಿಲೂ ಟ್ರಾನ್ಸಿಸ್ಟರಿನಿಂದ ಟ್ರಾನ್ಸಿಸ್ಟರಿಗೆ ಬದಲಾಗುತ್ತದೆ. ಹೊಸ್ತಿಲನ್ನು ಒಂದು ವೋಲ್ಟ್ ಮೀರಿಸಿ ನಡೆಸುತ್ತಿರುವಾಗ 0.1 ವೋಲ್ಟಿನ ವ್ಯತ್ಯಾಸ ಬಂದರೆ ಬೆಳಕು ಶೇ. 19ರಷ್ಟು ಕುಸಿಯುತ್ತದೆ, ಮಂದ ಬೆಳಕಿಗಾಗಿ 0.3 ವೋಲ್ಟಷ್ಟೇ ಮೀರಿಸಿದಾಗ ಅದೇ 0.1 ವೋಲ್ಟಿನಿಂದ ಅರ್ಧಕ್ಕಿಂತ ಹೆಚ್ಚು ಬೆಳಕು ಹೋಗುತ್ತದೆ. ರಾತ್ರಿ ಬೆಳಕು ತಗ್ಗಿಸಿದ ಫೋನಿನ ಬೂದು ಹಿನ್ನೆಲೆಯಲ್ಲಿ ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ಹಸಿರು ಛಾಯೆ ಕಾಣುವುದಕ್ಕೆ ವಿವರಣೆ ಈ ಲೆಕ್ಕದಲ್ಲಿದೆ.

ಇದಕ್ಕೆ ಎರಡು ಬಗೆಯ ಚಿಕಿತ್ಸೆಗಳಿವೆ. ಮೊದಲನೆಯದರಲ್ಲಿ ಉಪಬಿಂದುವಿನೊಳಗೇ ಏಳು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು ಇರುವಂಥ ಮಂಡಲವನ್ನು ಕಟ್ಟಿ, ಪ್ರತಿ ಚಿತ್ರಕ್ಕೂ ಮೊದಲು ಪ್ರವಾಹವನ್ನು ಅಳೆದು ಬಿಡುವ ಟ್ರಾನ್ಸಿಸ್ಟರು ತನ್ನ ಹೊಸ್ತಿಲನ್ನು ತಾನೇ ಕೆಪಾಸಿಟರಿನಲ್ಲಿ ಗುರುತು ಹಾಕಿಕೊಳ್ಳುವಂತೆ ಮಾಡಲಾಗುತ್ತದೆ. ಅದರ ಮೇಲೆ ಚಿತ್ರದ ವೋಲ್ಟೇಜನ್ನು ಸೇರಿಸಿದಾಗ ಹೊಸ್ತಿಲಿನ ಅಂಶ ಲೆಕ್ಕದಿಂದ ಬಹುತೇಕ ಕಳಚಿಹೋಗುತ್ತದೆ. ಫೋನುಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಇದು. ಎರಡನೆಯದರಲ್ಲಿ ಉಪಬಿಂದುವನ್ನು ಸರಳವಾಗಿ ಬಿಟ್ಟು, ಹೊರಗಿನ ಚಾಲಕವೇ ಒಂದು ಅಳತೆಯ ತಂತಿಯ ಮೂಲಕ ಪ್ರತಿ ಟ್ರಾನ್ಸಿಸ್ಟರಿನ ಸ್ಥಿತಿಯನ್ನು ಓದಿ, ಕಳುಹಿಸುವ ಅಂಕಿಯನ್ನೇ ಅದಕ್ಕೆ ತಕ್ಕಂತೆ ತಿದ್ದುತ್ತದೆ. ದೊಡ್ಡ ಒಎಲ್‌ಇಡಿ ಟಿವಿ ಆಫ್ ಆದ ಮೇಲೂ ಕೆಲ ಹೊತ್ತು ಒಳಗೊಳಗೇ ಕೆಲಸ ಮಾಡುತ್ತಿರುವುದು ಈ ಓದಿಗಾಗಿ. ಇವೆರಡನ್ನೂ ಮೀರಿ ಉಳಿಯುವ ಕಲೆಗಳನ್ನು ಉದ್ಯಮದಲ್ಲಿ ಮುರಾ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಸೂಕ್ಷ್ಮ ಕ್ಯಾಮೆರಾದಿಂದ ಪರದೆಯ ಚಿತ್ರ ತೆಗೆದು, ಪ್ರತಿ ಬಿಂದುವಿನ ತಿದ್ದುಪಡಿಯನ್ನು ನೆನಪಿನ ಚಿಪ್ಪಿನಲ್ಲಿ ದಾಖಲಿಸಿ, ಚಾಲಕವು ಮುಂದೆ ಪ್ರತಿ ಸಲವೂ ಅದನ್ನು ಕೂಡಿಸಿಯೇ ಚಿತ್ರ ತೋರಿಸುವಂತೆ ಮಾಡುವುದು ಅದಕ್ಕೆ ಕೊನೆಯ ಮದ್ದು. ಅಗ್ಗದ ಮತ್ತು ದುಬಾರಿ ಪರದೆಗಳ ನಡುವಿನ ವ್ಯತ್ಯಾಸದ ಒಂದು ದೊಡ್ಡ ಭಾಗ ಪದಾರ್ಥದಲ್ಲಿಲ್ಲ, ಈ ಅಳತೆಗೆ ಕಾರ್ಖಾನೆ ಎಷ್ಟು ಸಮಯ ವ್ಯಯಿಸುತ್ತದೆ ಎಂಬುದರಲ್ಲಿದೆ.

ಜಾತ್ರೆ, ಮದುವೆಗಳಲ್ಲಿ ಎದ್ದು ನಿಲ್ಲುವ ಎಲ್‌ಇಡಿ ಗೋಡೆಯಲ್ಲಿ ಒಂದು ಚೌಕ ಮಾತ್ರ ಬೇರೆ ಬಣ್ಣದ್ದಾಗಿ ಕಾಣುವುದಕ್ಕೆ ಕಾರಣ ಬಹಳ ಸಲ ಇಷ್ಟೇ: ಕೆಟ್ಟ ಫಲಕದ ಬದಲಿಗೆ ಬೇರೆ ಕಂತಿನಲ್ಲಿ ತಯಾರಾದ ದೀಪಗಳ ಫಲಕವನ್ನು ಕೂರಿಸಿ, ಅದಕ್ಕೆ ಬೇಕಾದ ತಿದ್ದುಪಡಿಯ ಅಂಕಿಗಳನ್ನು ಚಾಲಕಕ್ಕೆ ತಿಳಿಸದೆ ಬಿಟ್ಟಿರುವುದು.

ಇಂಥ ಚಾಲಕ ಚಿಪ್ಪುಗಳು ಭಾರತಕ್ಕೆ ಬಹುತೇಕ ಪೂರ್ವ ಏಷ್ಯಾದಿಂದಲೇ ಬರುತ್ತಿವೆ. ಕೇಂದ್ರ ಸಚಿವ ಸಂಪುಟ 2024ರ ಫೆಬ್ರುವರಿಯಲ್ಲಿ ಒಪ್ಪಿಗೆ ಕೊಟ್ಟ ಗುಜರಾತಿನ ಧೋಲೇರಾದ ಟಾಟಾ ಕಾರ್ಖಾನೆಯ ಉತ್ಪನ್ನಗಳ ಪಟ್ಟಿಯಲ್ಲಿ ಪರದೆಯ ಚಾಲಕಗಳೂ ಇವೆ. 2025ರ ಮೇ ತಿಂಗಳಲ್ಲಿ ಒಪ್ಪಿಗೆ ಪಡೆದ ಉತ್ತರ ಪ್ರದೇಶದ ಜೇವರ್‌ನ ಎಚ್‌ಸಿಎಲ್-ಫಾಕ್ಸ್‌ಕಾನ್ ಘಟಕದ ಗುರಿಯೇ ಪರದೆಯ ಚಾಲಕ ಚಿಪ್ಪು, ತಿಂಗಳಿಗೆ 3.6 ಕೋಟಿ. ಎರಡೂ ಕರ್ನಾಟಕದಲ್ಲಿಲ್ಲ. ಚಾಲನೆಯ ಕ್ರಮವನ್ನು ನಾಲ್ಕು ದಶಕಗಳ ಹಿಂದೆಯೇ ಕಾಗದದ ಮೇಲೆ ಸಾಧಿಸಿ ತೋರಿಸಿದ ನಾಡಿಗೆ ಪರದೆಯ ಉದ್ಯಮದಲ್ಲಿ ಜೋಡಣೆಯ ಕೆಲಸ ಮಾತ್ರ ದಕ್ಕುವುದು ಸಣ್ಣ ನಷ್ಟವೇನಲ್ಲ. ಚಿಪ್ಪನ್ನು ಅಚ್ಚುಹಾಕಲು ಸಾವಿರಾರು ಕೋಟಿ ಬೇಕಾದರೂ ಅದರ ವಿನ್ಯಾಸಕ್ಕೆ ಬೇಕಾದದ್ದು ತರಬೇತಾದ ಎಂಜಿನಿಯರುಗಳು, ಮತ್ತು ಅವರು ಬೆಂಗಳೂರಿನಲ್ಲಿದ್ದಾರೆ.

ಫೋನನ್ನಾಗಲಿ ಟಿವಿಯನ್ನಾಗಲಿ ಕೊಳ್ಳಲು ಹೋದವರು ಅಂಗಡಿಯವರು ಹಾಕಿಟ್ಟಿರುವ ಹೂವು ಹಕ್ಕಿಗಳ ಹೊಳೆಯುವ ಚಿತ್ರವನ್ನು ನೋಡಿ ಮನಸೋಲದೆ, ಅಂಚಿನಿಂದ ಅಂಚಿಗೆ ಏನೂ ಇಲ್ಲದ ಬರೀ ಬೂದುಬಣ್ಣದ ಒಂದು ಚಿತ್ರವನ್ನು ಹಾಕಿಸಿ, ಬೆಳಕನ್ನು ಕಾಲುಭಾಗಕ್ಕೆ ಇಳಿಸಿ, ನಡುವಿನಿಂದ ನಾಲ್ಕೂ ಮೂಲೆಗಳತ್ತ ನಿಧಾನವಾಗಿ ಕಣ್ಣಾಡಿಸಬೇಕು. ನೆಟ್ಟಗಿನ ಪಟ್ಟೆ, ಮೂಲೆಯ ಮಂಕು, ಗುಲಾಬಿ ಹಸಿರುಗಳ ಛಾಯೆ, ಇದ್ದರೆ ಅಲ್ಲಿಯೇ ಕಾಣುತ್ತವೆ. ಕಂಡರೆ ಅದೇ ಮಾದರಿಯ ಇನ್ನೊಂದನ್ನು ತೆರೆದು ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಡ.